ಹಗ್ಗದ ಮೇಲಣ ದುಡಿಮೆ: ವಿಕ್ಟೋರಿಯಾ ಕಾಲದ ಸರ್ಕಸ್ಸನ್ನು ಕುರಿತು

ನನ್ನ ತಲೆಮಾರಿನ ಕನ್ನಡ ಅಧ್ಯಾಪಕರಲ್ಲಿ ಹಲವರು ವಿಕ್ಟೋರಿಯಾ ಕಾಲದ ಸರ್ಕಸ್ಸನ್ನು ಮೊದಲು ಕಂಡದ್ದು ಪಠ್ಯಪುಸ್ತಕದ ಪುಟಗಳಲ್ಲಿ. ಚಾರ್ಲ್ಸ್ ಡಿಕನ್ಸನ 'ಹಾರ್ಡ್ ಟೈಮ್ಸ್' ಕಾದಂಬರಿ 1854ರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಅದರ ಆರಂಭದ ಶಾಲಾ ಪ್ರಸಂಗವನ್ನು ಮರೆತವರು ಕಡಿಮೆ. ಕುದುರೆ ಸವಾರನ ಮಗಳು ಸಿಸಿ ಜೂಪ್ ಹುಟ್ಟಿದಂದಿನಿಂದ ಕುದುರೆಗಳ ನಡುವೆಯೇ ಬೆಳೆದವಳು. ಆದರೆ ಕುದುರೆ ಎಂದರೇನು ಎಂಬ ಪ್ರಶ್ನೆಗೆ ಅವಳಿಗೆ ಉತ್ತರ ಹೊಳೆಯುವುದಿಲ್ಲ. ಪಕ್ಕದ ಸಾಲಿನ ಹುಡುಗ ಅದು ಚತುಷ್ಪಾದಿ, ಅದಕ್ಕೆ ಇಷ್ಟು ಹಲ್ಲು ಎಂದು ಒಪ್ಪಿಸಿ ಜಾಣನೆನಿಸಿಕೊಳ್ಳುತ್ತಾನೆ. ನಮಗೆ ಈ ಕಾದಂಬರಿಯನ್ನು ಪಾಠ ಹೇಳಿದ ಗುರುಗಳು ಕಪ್ಪುಹಲಗೆಯ ನಡುವೆ ಒಂದು ಗೆರೆ ಎಳೆದು, ಎಡಗಡೆ ಗಿರಣಿ, ವಾಸ್ತವ, ಲೆಕ್ಕ ಎಂದೂ ಬಲಗಡೆ ಸರ್ಕಸ್ಸು, ಕಲ್ಪನೆ, ಹೃದಯ ಎಂದೂ ಬರೆದಿದ್ದರು. ಪರೀಕ್ಷೆಯಲ್ಲಿ ನಾವೂ ಹಾಗೆಯೇ ಬರೆದು ಅಂಕ ಪಡೆದೆವು.

ಆ ಗೆರೆ ತಪ್ಪಾದ ಜಾಗದಲ್ಲಿ ಬಿದ್ದಿತ್ತು ಎಂದು ಈಗ ನನಗೆ ಅನಿಸುತ್ತದೆ. ಡಿಕನ್ಸನ ಕಾದಂಬರಿಯ ಹಿರಿಮೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಸರ್ಕಸ್ಸನ್ನು ಗಿರಣಿಯ ವಿರುದ್ಧ ಪದವೆಂಬಂತೆ ನಿಲ್ಲಿಸಿದಾಗ ಸರ್ಕಸ್ಸಿನವರ ದುಡಿಮೆ ನಮ್ಮ ಕಣ್ಣಿಂದ ಮರೆಯಾಗುತ್ತದೆ. ಅವರು ಆಡುವವರು, ಮುಗ್ಧರು, ಒಳ್ಳೆಯ ಮನಸ್ಸಿನವರು. ಅವರಿಗೆ ಕೂಲಿ, ಕರಾರು, ಗಾಯ, ಮುಪ್ಪು ಇವುಗಳ ಚಿಂತೆ ಇದ್ದಂತೆ ಕಾಣುವುದಿಲ್ಲ. ಈ ಕಾದಂಬರಿ ಪ್ರಕಟವಾಗುವ ಮುನ್ನ ಡಿಕನ್ಸ್ ಗಿರಣಿ ಮುಷ್ಕರವನ್ನು ಕಣ್ಣಾರೆ ಕಾಣಲೆಂದು ಪ್ರೆಸ್ಟನ್ ನಗರಕ್ಕೆ ಹೋಗಿ ಬಂದ. ಸರ್ಕಸ್ಸಿನವರ ಆಡುಮಾತಿಗಾಗಿ ಮಾತ್ರ ತನ್ನ ಮಿತ್ರ ಮಾರ್ಕ್ ಲೆಮನ್‌ಗೆ ಪತ್ರ ಬರೆದು, ಅವರು ಬಳಸುವ ಪದಗಳನ್ನು ಕಳುಹಿಸುವಂತೆ ಕೇಳಿಕೊಂಡ. ಬಾಲ್ಯದಿಂದಲೂ ಸರ್ಕಸ್ಸನ್ನು ಪ್ರೀತಿಯಿಂದ ಕಂಡವನು ಅವನು, ನಿಜ. ಆದರೆ ಅದು ಪ್ರೇಕ್ಷಕನ ಪ್ರೀತಿ.

ಸರ್ಕಸ್ಸಿನ ಹುಟ್ಟಿನಲ್ಲೇ ಲೆಕ್ಕವಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ಅಶ್ವದಳದಲ್ಲಿ ಸೇವೆ ಸಲ್ಲಿಸಿದ್ದ ಸಾರ್ಜೆಂಟ್ ಮೇಜರ್ ಫಿಲಿಪ್ ಆ್ಯಸ್ಟ್ಲಿ 1768ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಸಮೀಪ, ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ಕುದುರೆ ಸವಾರಿಯ ಪ್ರದರ್ಶನಗಳನ್ನು ಆರಂಭಿಸಿದ. ಕುದುರೆಯನ್ನು ವೃತ್ತದಲ್ಲಿ ಸಮವೇಗದಿಂದ ಓಡಿಸಿ, ಬೆನ್ನ ಮೇಲೆ ನಿಂತವನು ತುಸು ಒಳಕ್ಕೆ ವಾಲಿದರೆ, ಆ ಸುತ್ತು ಚಲನೆಯೇ ಅವನನ್ನು ಬೀಳದಂತೆ ಕಾಯುತ್ತದೆ. ವೃತ್ತ ತೀರ ಚಿಕ್ಕದಾದರೆ ಕುದುರೆಗೆ ತಿರುಗಲಾಗದು. ತೀರ ದೊಡ್ಡದಾದರೆ ಸವಾರನಿಗೆ ಆ ಆಸರೆ ಸಿಗದು. ಹೀಗೆ ನೆಲೆಗೊಂಡ 42 ಅಡಿ ವ್ಯಾಸ ಇಂದಿಗೂ ಸರ್ಕಸ್ಸಿನ ಕಣದ ಪ್ರಮಾಣವಾಗಿ ಉಳಿದಿದೆ. ಕಾದಂಬರಿಯ ಲೆಕ್ಕಪ್ರಿಯ ಗ್ರಾಡ್‌ಗ್ರೈಂಡ್ ಈ ಕಣವನ್ನು ಅಳೆದು ನೋಡಿದ್ದರೆ ಸಂತೋಷಪಟ್ಟಾನು! 'ಸರ್ಕಸ್' ಎಂಬ ಹೆಸರು ಆ್ಯಸ್ಟ್ಲಿಯದಲ್ಲ. 1782ರಲ್ಲಿ ಅವನಿಗೆ ಪ್ರತಿಸ್ಪರ್ಧಿಯಾಗಿ 'ರಾಯಲ್ ಸರ್ಕಸ್' ತೆರೆದ ಚಾರ್ಲ್ಸ್ ಹ್ಯೂಸ್ ಮತ್ತು ಚಾರ್ಲ್ಸ್ ಡಿಬ್ಡಿನ್ ಅದನ್ನು ರೂಢಿಗೆ ತಂದರು.

ವಿಕ್ಟೋರಿಯಾ ಪಟ್ಟವೇರಿದ 1837ರ ವೇಳೆಗೆ ಈ ಕಲೆಗೆ ಎಪ್ಪತ್ತರ ಹತ್ತಿರ ಪ್ರಾಯ. ಆ್ಯಸ್ಟ್ಲಿಯ ಹೆಸರಿನ ರಂಗಮಂದಿರದಲ್ಲಿ ಕುದುರೆಯ ಕಣ, ನಾಟಕದ ವೇದಿಕೆ ಎರಡೂ ಇದ್ದವು. ವಾಟರ್‌ಲೂ ಯುದ್ಧವನ್ನು ಅಲ್ಲಿ ನಿಜವಾದ ಕುದುರೆಗಳೊಡನೆ ಆಡಿ ತೋರಿಸುತ್ತಿದ್ದರು. 1854ರಲ್ಲಿ ಕ್ರಿಮಿಯಾದಲ್ಲಿ ಆಲ್ಮಾ ನದಿಯ ಕಾಳಗ ನಡೆದರೆ, ಅದೇ ವರ್ಷ ಆ ಕಾಳಗ ಲಂಡನ್ನಿನ ಕಣಕ್ಕೂ ಇಳಿದಿತ್ತು. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತಂದ ಕಥೆ ಕೇಳಿ ಬೆಳೆದ ನಮಗೆ ಇದು ಪರಕೀಯವೆನಿಸದು. ಊರೂರು ತಿರುಗುವ ಕಂಪನಿಗಳು ಮೊದಲು ಗಾಡಿಗಳಲ್ಲಿ, ಆಮೇಲೆ ರೈಲಿನಲ್ಲಿ ಸಂಚರಿಸಿದವು. ಗಿರಣಿಯ ಊರುಗಳೇ ಅವಕ್ಕೆ ಒಳ್ಳೆಯ ಗಳಿಕೆಯ ಕೇಂದ್ರಗಳು. ಗಿರಣಿಯ ಕೂಲಿ ಬಟವಾಡೆಯಾದ ಸಂಜೆ ಸರ್ಕಸ್ಸಿನ ಗಲ್ಲೆಯೂ ತುಂಬುತ್ತಿತ್ತು. ಗಿರಣಿ ಮತ್ತು ಸರ್ಕಸ್ಸು ಒಂದೇ ಪೇಟೆಯ ಎರಡು ಅಂಗಡಿಗಳಾಗಿದ್ದವು.

ಒಳಗಿನ ವ್ಯವಸ್ಥೆಯೂ ಬೇರೆಯಾಗಿರಲಿಲ್ಲ. ಮಕ್ಕಳನ್ನು ಕರಾರು ಬರೆದು ಯಜಮಾನನಿಗೆ ಒಪ್ಪಿಸುತ್ತಿದ್ದರು. ಕಲಿಯುವ ವರ್ಷಗಳ ಗಳಿಕೆ ಯಜಮಾನನದು. ಪ್ರಚಾರಪತ್ರದಲ್ಲಿ 'ಸೋದರರು', 'ಕುಟುಂಬ' ಎಂದು ಅಚ್ಚಾದವರಲ್ಲಿ ಎಷ್ಟೋ ಮಂದಿಗೆ ಪರಸ್ಪರ ರಕ್ತಸಂಬಂಧವೇ ಇರುತ್ತಿರಲಿಲ್ಲ. ನಮ್ಮ ಕಂಪನಿ ನಾಟಕದವರು ಬಲ್ಲ 'ಬೆನಿಫಿಟ್' ಪದ್ಧತಿ ಅಲ್ಲಿಯೂ ಇತ್ತು: ಕಲಾವಿದನೊಬ್ಬನ ಸಹಾಯಾರ್ಥ ಒಂದು ರಾತ್ರಿಯ ಆಟ, ಆ ರಾತ್ರಿಯ ಉತ್ಪತ್ತಿಯಲ್ಲಿ ಅವನಿಗೆ ಪಾಲು. ವಿಮೆಯಿಲ್ಲದ ಕಾಲದಲ್ಲಿ ವಿಮೆಯ ಕೆಲಸವನ್ನು ಮಾಡಿದ್ದು ಈ ರಾತ್ರಿಗಳು.

ಈ ಬೆನಿಫಿಟ್ ಆಟಗಳ ಪ್ರಸ್ತಾಪ ಬಂದಾಗ ಪ್ಯಾಬ್ಲೊ ಫ್ಯಾಂಕ್ ಎಂಬುವನನ್ನು ನೆನೆಯದೆ ಮುಂದೆ ಹೋಗಲಾರೆ. ನಿಜವಾದ ಹೆಸರು ವಿಲಿಯಂ ಡಾರ್ಬಿ. ನಾರಿಚ್ ಪಟ್ಟಣದ ಕಪ್ಪುವರ್ಣದ ಸಂಸಾರದವನು. ಬಾಲ್ಯದಲ್ಲೇ ಸರ್ಕಸ್ಸಿನ ಯಜಮಾನ ವಿಲಿಯಂ ಬ್ಯಾಟಿಯ ಬಳಿ ಶಿಷ್ಯವೃತ್ತಿಗೆ ಸೇರಿ, ಸವಾರನಾಗಿ, ಹಗ್ಗದ ಮೇಲೆ ನಡೆಯುವವನಾಗಿ ಹೆಸರು ಮಾಡಿ, ಕೊನೆಗೆ ಸ್ವಂತ ಕಂಪನಿ ಕಟ್ಟಿದ. ಬ್ರಿಟನ್ನಿನಲ್ಲಿ ಸರ್ಕಸ್ಸಿನ ಒಡೆಯನಾದ ಮೊದಲ ಕಪ್ಪು ಮನುಷ್ಯ ಅವನು. 1848ರ ಮಾರ್ಚಿಯಲ್ಲಿ ಲೀಡ್ಸ್ ನಗರದಲ್ಲಿ ಅವನ ಕಂಪನಿ ಒಬ್ಬ ವಿದೂಷಕನ ಬೆನಿಫಿಟ್ ಆಟ ನಡೆಸುತ್ತಿದ್ದಾಗ, ನೂರಾರು ಪ್ರೇಕ್ಷಕರು ಕುಳಿತಿದ್ದ ಮರದ ಅಟ್ಟಣೆ ಕುಸಿಯಿತು. ಸತ್ತವಳು ಒಬ್ಬಳೇ, ಫ್ಯಾಂಕನ ಹೆಂಡತಿ ಸುಸಾನಾ. ಅವನು ಆಟ ನಿಲ್ಲಿಸಲಿಲ್ಲ; ಮತ್ತೆ ಎರಡು ದಶಕಗಳಿಗೂ ಹೆಚ್ಚು ಕಾಲ ಊರೂರು ತಿರುಗಿ 1871ರಲ್ಲಿ ತೀರಿಕೊಂಡ. ಅವನನ್ನೂ ಲೀಡ್ಸಿನಲ್ಲಿ ಹೆಂಡತಿಯ ಬಳಿಯೇ ಹೂಳಿದರು. ಆ ಸ್ಮಶಾನಭೂಮಿ ಈಗ ಲೀಡ್ಸ್ ವಿಶ್ವವಿದ್ಯಾಲಯದ ಆವರಣದೊಳಗಿದೆ.

ಫ್ಯಾಂಕನ ಹೆಸರು ಇಂದು ಲೋಕಕ್ಕೆ ತಿಳಿದಿರುವುದು ಬೀಟಲ್ಸ್ ತಂಡದ ಒಂದು ಹಾಡಿನಿಂದ. ರಾಚ್‌ಡೇಲ್ ಪಟ್ಟಣದಲ್ಲಿ 1843ರಲ್ಲಿ ನಡೆದ ಅವನ ಸರ್ಕಸ್ಸಿನ ಒಂದು ಬೆನಿಫಿಟ್ ಆಟದ ಭಿತ್ತಿಪತ್ರವನ್ನು 1967ರಲ್ಲಿ ಜಾನ್ ಲೆನನ್ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಕೊಂಡು, ಅದರ ಮಾತುಗಳಿಂದಲೇ ಹಾಡು ಹೊಸೆದ. ಹಾಡು ಕೇಳಿದ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಅದರಲ್ಲಿ ಬರುವ ಹೆಸರು ನಿಜವಾದ ಮನುಷ್ಯನದೆಂದು ಹೊಳೆದಿರಬಹುದು? ಭಿತ್ತಿಪತ್ರ ಉಳಿಯುತ್ತದೆ, ಕೂಲಿಯ ಲೆಕ್ಕ ಉಳಿಯುವುದಿಲ್ಲ. ಸರ್ಕಸ್ಸಿನ ಇತಿಹಾಸ ಬರೆಯುವವರಿಗೆ ಇರುವ ಮುಖ್ಯ ತೊಡಕು ಇದೇ ಎಂದು ನಾನು ತಿಳಿದಿದ್ದೇನೆ.

ಇನ್ನು ಅಪಾಯದ ಮಾತು. ಆ ಯುಗದ ಸರ್ಕಸ್ಸು ಮಾರಿದ ಸರಕುಗಳಲ್ಲಿ ಅತಿ ಹೆಚ್ಚು ಬೆಲೆ ಬಾಳಿದ್ದು ಅದೇ. ಐಸಾಕ್ ವ್ಯಾನ್ ಆ್ಯಂಬರ್ಗ್ ಎಂಬ ಅಮೆರಿಕನ್ನನು 1839ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಸಿಂಹ ಹುಲಿಗಳ ಪಂಜರದೊಳಗೆ ನಿಂತಾಗ, ಇಪ್ಪತ್ತರ ಹರೆಯದ ರಾಣಿ ಮತ್ತೆ ಮತ್ತೆ ಬಂದು ನೋಡಿದಳು. ರಾಣಿ ಮೆಚ್ಚಿದ್ದನ್ನು ಪ್ರಜೆಗಳು ಮೆಚ್ಚದಿರುತ್ತಾರೆಯೆ? ಮೃಗಶಾಲೆಯ ಕಂಪನಿಗಳು ಹುಡುಗಿಯರನ್ನು 'ಸಿಂಹರಾಣಿ' ಎಂಬ ಬಿರುದಿನಿಂದ ಪಂಜರದೊಳಕ್ಕೆ ಕಳುಹಿಸತೊಡಗಿದವು. 1850ರ ಜನವರಿಯಲ್ಲಿ ಚ್ಯಾಟಮ್ ಪಟ್ಟಣದಲ್ಲಿ ಎಲೆನ್ ಬ್ರೈಟ್ ಎಂಬ ಅಂಥ ಹುಡುಗಿಯೊಬ್ಬಳನ್ನು ಹುಲಿ ಕೊಂದಿತು. ಅವಳಿಗೆ ಆಗ 17 ವರ್ಷ.

1859ರಲ್ಲಿ ಪ್ಯಾರಿಸಿನಲ್ಲಿ ಝೂಲ್ ಲೆಯೊತಾರ್ ತೂಗುವ ಒಂದು ಟ್ರಪೀಜಿನಿಂದ ಇನ್ನೊಂದಕ್ಕೆ ಹಾರಿ ತೋರಿಸಿದ. 1861ರಲ್ಲಿ ಲಂಡನ್ನಿಗೂ ಬಂದ. ಬ್ಲಾಂಡಿನ್ ನಯಾಗರಾ ಕಮರಿಯನ್ನು ಹಗ್ಗದ ಮೇಲೆ ದಾಟಿದ್ದು ಅದೇ 1859ರಲ್ಲಿ. ಇವರ ಯಶಸ್ಸಿನ ಬೆನ್ನಲ್ಲೇ ಬಡ ಅನುಕರಣೆಗಳು ಹುಟ್ಟಿಕೊಂಡವು. 1863ರ ಜುಲೈ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಆ್ಯಸ್ಟನ್ ಉದ್ಯಾನದಲ್ಲಿ ಸೆಲಿನಾ ಪೊವೆಲ್ ಎಂಬಾಕೆ ಎತ್ತರದ ಹಗ್ಗದ ಮೇಲೆ ನಡೆಯುತ್ತಿದ್ದಾಗ ಹಗ್ಗ ತುಂಡಾಗಿ ಬಿದ್ದು ಸತ್ತಳು. ಅವಳು ಗರ್ಭಿಣಿ. ಆ ಉದ್ಯಾನವನ್ನು ಐದು ವರ್ಷಗಳ ಹಿಂದೆ ಉದ್ಘಾಟಿಸಿದ್ದವಳು ಸ್ವತಃ ರಾಣಿ. ಆದುದರಿಂದ ಅರಮನೆಯಿಂದ ನಗರದ ಮೇಯರನಿಗೆ ರಾಣಿಯ ವ್ಯಥೆಯನ್ನೂ ಅಸಮಾಧಾನವನ್ನೂ ತಿಳಿಸುವ ಪತ್ರ ಬಂತು. ಆ ವ್ಯಥೆ ಪ್ರಾಮಾಣಿಕವಾದುದೇ ಇರಬೇಕು. ಆದರೆ ಪಂಜರದ ಮುಂದೆ ಮೈಮರೆತು ಕುಳಿತಿದ್ದ ಇಪ್ಪತ್ತರ ತರುಣಿ, ಈ ಪತ್ರವನ್ನು ಬರೆಯಿಸಿದ ರಾಜಮಾತೆ, ಇಬ್ಬರೂ ಒಬ್ಬಳೇ ಎಂಬುದನ್ನು ನಾವು ಮರೆಯಬಾರದು. ಇದನ್ನು ಬೂಟಾಟಿಕೆ ಎಂದು ಜರೆಯುವುದು ಸುಲಭ. ನನಗೆ ಕಾಣುವುದು ಒಂದು ಇಡೀ ಸಮಾಜದ ಒಡಕು ಮನಸ್ಸು: ಬೀಳಬಹುದೆಂಬ ಭಯಕ್ಕಾಗಿಯೇ ಟಿಕೇಟು ಕೊಂಡವರು, ಬಿದ್ದಾಗ ಮಾತ್ರ ಯಾರು ಹತ್ತಲು ಬಿಟ್ಟರೆಂದು ಕೇಳುತ್ತಾರೆ.

ಕೇಳಿದ ಪ್ರಶ್ನೆಗೆ ಕಾನೂನಿನ ಉತ್ತರ ಬರಲು 1879ರವರೆಗೆ ಕಾಯಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, 1877ರಲ್ಲಿ, ವೆಸ್ಟ್‌ಮಿನ್‌ಸ್ಟರಿನ ರಾಯಲ್ ಅಕ್ವೇರಿಯಮ್ಮಿನಲ್ಲಿ 'ಝಾಝೆಲ್' ಎಂಬ ಹೆಸರಿನ ಹುಡುಗಿಯನ್ನು ತೋಪಿನ ಬಾಯಿಂದ ಹಾರಿಸಿ ತೋರಿಸಲಾಯಿತು. ಮದ್ದಿನ ಸದ್ದು ಬರಿಯ ಆಡಂಬರ. ಅವಳನ್ನು ಚಿಮ್ಮಿಸುತ್ತಿದ್ದುದು ಒಳಗಿನ ಯಂತ್ರ. ಹುಡುಗಿಗೆ ಆಗಿನ್ನೂ ಹದಿನಾಲ್ಕರ ಆಸುಪಾಸು. ಮಕ್ಕಳ ಅಪಾಯಕಾರಿ ಪ್ರದರ್ಶನಗಳ ಕಾಯಿದೆ ಎಂದು ಕನ್ನಡಿಸಬಹುದಾದ 1879ರ ಶಾಸನ, 14 ವರ್ಷದೊಳಗಿನವರನ್ನು ಪ್ರಾಣಕ್ಕೋ ಅಂಗಾಂಗಕ್ಕೋ ಅಪಾಯವಾಗುವ ಸಾರ್ವಜನಿಕ ಪ್ರದರ್ಶನಗಳಲ್ಲಿ ತೊಡಗಿಸುವುದನ್ನು ನಿಷೇಧಿಸಿತು. 1897ರಲ್ಲಿ ಈ ವಯಸ್ಸನ್ನು ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ಏರಿಸಲಾಯಿತು. ಒಳ್ಳೆಯ ಕಾಯಿದೆ; ಆದರೆ ಅದರ ಕಣ್ಣು ಪ್ರದರ್ಶನದ ಮೇಲೆ, ಅಂದರೆ ಪ್ರೇಕ್ಷಕನಿಗೆ ಕಾಣುವ ಭಾಗದ ಮೇಲೆ. ಬೆಳಗಿನ ಜಾವ ಖಾಲಿ ಕಣದಲ್ಲಿ ಚಾಟಿಯ ಎದುರು ನಡೆಯುವ ಅಭ್ಯಾಸ ಅದರ ದೃಷ್ಟಿಗೆ ಬಿದ್ದಿರಲಿಲ್ಲ. ಪ್ರದರ್ಶನದಲ್ಲಿ ಅಪಘಾತವಾಗಿ ಮಗು ಗಾಯಗೊಂಡರೆ ನ್ಯಾಯಾಲಯ ಕೊಡಿಸಬಹುದಾಗಿದ್ದ ಪರಿಹಾರದ ಗರಿಷ್ಠ ಮೊತ್ತ 20 ಪೌಂಡು. ಮೂರು ವರ್ಷಗಳ ಬಳಿಕ, 1882ರಲ್ಲಿ, ಲಂಡನ್ ಮೃಗಾಲಯದ ಜಂಬೊ ಎಂಬ ಆನೆಯನ್ನು ಅಮೆರಿಕದ ಸರ್ಕಸ್ ಒಡೆಯ ಬಾರ್ನಮ್ 2000 ಪೌಂಡು ಕೊಟ್ಟು ಕೊಂಡಾಗ, ಆನೆಯನ್ನು ಮಾರಬಾರದೆಂದು ಇಂಗ್ಲೆಂಡಿನ ಮಕ್ಕಳು ರಾಣಿಗೆ ಪತ್ರ ಬರೆದರು, ದೇಶವೇ ಕಣ್ಣೀರಿಟ್ಟಿತು. ಆನೆಯ ಮೇಲಿನ ಕರುಣೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೂ ಈ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದು ನೋಡುವುದು ಒಳ್ಳೆಯದು.

ಕಣದೊಳಗೆ ಚಪ್ಪಾಳೆ ಪಡೆದವರು ರಸ್ತೆಗೆ ಬಂದೊಡನೆ ಅನುಮಾನಕ್ಕೆ ಗುರಿಯಾಗುತ್ತಿದ್ದರು. 1880ರ ದಶಕದಲ್ಲಿ ಇಂಗ್ಲೆಂಡಿನ ಸಂಸತ್ತಿನ ಮುಂದೆ ಅಲೆಮಾರಿಗಳ ಗಾಡಿಮನೆಗಳನ್ನು ನೋಂದಾಯಿಸುವ, ಅಧಿಕಾರಿಗಳು ಒಳಹೊಕ್ಕು ತಪಾಸಣೆ ಮಾಡುವ ಮಸೂದೆಯೊಂದು ಮತ್ತೆ ಮತ್ತೆ ಬಂತು. ಅದರ ಪ್ರವರ್ತಕರು ಮಕ್ಕಳ ಶಿಕ್ಷಣ, ಆರೋಗ್ಯಗಳ ಹೆಸರು ಹೇಳಿದರು. ಜಾತ್ರೆಯ ಆಟಗಾರರು ಮತ್ತು ಸರ್ಕಸ್ಸಿನವರು 1889ರಲ್ಲಿ ಗಾಡಿವಾಸಿಗಳ ಸಂಘ ಕಟ್ಟಿದರು. 'ಲಾರ್ಡ್' ಎಂಬ ಪದವಿಯನ್ನು ತನಗೆ ತಾನೇ ದಯಪಾಲಿಸಿಕೊಂಡಿದ್ದ ಸರ್ಕಸ್ ಒಡೆಯ ಜಾರ್ಜ್ ಸ್ಯಾಂಗರ್ ಅದರ ಮುಂದಾಳಾದ. ಮಸೂದೆ ಕಾಯಿದೆಯಾಗಲಿಲ್ಲ. ಡಿಕನ್ಸನ ಮುಗ್ಧ ಸರ್ಕಸ್ಸಿಗರು ಹೀಗೆ ಸಭೆ ಸೇರಿ, ವಂತಿಗೆ ಎತ್ತಿ, ಸಂಸತ್ತನ್ನು ಎದುರಿಸುವುದನ್ನು ಕಲ್ಪಿಸಿಕೊಳ್ಳಲು ಸಾಧ್ಯವೆ? ನಿಜವಾದ ಸರ್ಕಸ್ಸಿಗರು ಅದನ್ನು ಮಾಡಿ ತೋರಿಸಿದರು.

ಅದೇ ಸಾಮ್ರಾಜ್ಯ ಭಾರತದ ಅಲೆಮಾರಿಗಳನ್ನು ನಡೆಸಿಕೊಂಡ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಉತ್ತರದ ಪ್ರಾಂತ್ಯಗಳಲ್ಲಿ ಆರಂಭವಾಗಿ, 1911ರ ಕಾಯಿದೆಯೊಡನೆ ದೇಶದ ಉಳಿದ ಭಾಗಗಳನ್ನೂ ಆವರಿಸಿತು. ಇಲ್ಲಿ ನೋಂದಣಿ ಗಾಡಿಗಳದಲ್ಲ, ಮನುಷ್ಯರದು. ಹುಟ್ಟಿದ ಕುಲವೇ ಅಪರಾಧಕ್ಕೆ ಸಾಕ್ಷಿ. ಇದನ್ನು ತಡೆಯಲು ಇವರಿಗೆ ಸಂಸತ್ತೂ ಇರಲಿಲ್ಲ, ಸ್ಯಾಂಗರನೂ ಇರಲಿಲ್ಲ. ಕಾಯಿದೆ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿ, ಗದಗಗಳಲ್ಲಿ 'ಸೆಟ್ಲ್‌ಮೆಂಟ್' ಎಂಬ ಬಡಾವಣೆಯ ಹೆಸರು ಇಂದಿಗೂ ಬಳಕೆಯಲ್ಲಿದೆ. ಆ ಪದ ಎಲ್ಲಿಂದ ಬಂತೆಂದು ಕೇಳುವವರು ವಿರಳ.

ಮುಂಬಯಿಯಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ವಿಷಯದಲ್ಲಿ ಇನ್ನೊಂದು ಆಸಕ್ತಿಯುಂಟು. ವಿಕ್ಟೋರಿಯಾ ಕಾಲದ ಸರ್ಕಸ್ಸು ಭಾರತೀಯರ ಕೈಗೆ ಬಂದದ್ದು ಇದೇ ನಗರದಲ್ಲಿ. ಇಟಲಿಯ ಜ್ಯುಸೆಪ್ಪೆ ಕಿಯಾರಿನಿಯ ಸರ್ಕಸ್ಸು ಇಲ್ಲಿ ಆಡುತ್ತಿದ್ದಾಗ ಕುರುಂದವಾಡ ಸಂಸ್ಥಾನದ ಅರಸರು ತಮ್ಮ ಅಶ್ವಶಿಕ್ಷಕ ವಿಷ್ಣುಪಂತ ಛತ್ರೆಯವರೊಡನೆ ನೋಡಲು ಬಂದರು, ಭಾರತೀಯರಿಗೆ ಇದು ಸಾಧ್ಯವಿಲ್ಲವೆಂದು ಕಿಯಾರಿನಿ ಹೇಳಿದ, ಛತ್ರೆಯವರು ಸವಾಲು ಸ್ವೀಕರಿಸಿದರು ಎಂಬುದು ಸರ್ಕಸ್ಸಿನವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆ. ಕಥೆಯ ಅಲಂಕಾರವನ್ನು ಬಿಟ್ಟರೂ, 1880ರ ಮಾರ್ಚ್ 20ರಂದು ಕ್ರಾಸ್ ಮೈದಾನದಲ್ಲಿ ಛತ್ರೆಯವರ 'ಗ್ರೇಟ್ ಇಂಡಿಯನ್ ಸರ್ಕಸ್' ಮೊದಲ ಆಟ ಆಡಿತು. ಛತ್ರೆಯವರು ಗ್ವಾಲಿಯರಿನಲ್ಲಿ ಕುದುರೆ ಸವಾರಿಯನ್ನಷ್ಟೇ ಅಲ್ಲದೆ ಉಸ್ತಾದ್ ಹದ್ದೂ ಖಾನರಲ್ಲಿ ಸಂಗೀತವನ್ನೂ ಕಲಿತವರು. ಗುರುವಿನ ಮಗ ರಹಿಮತ್ ಖಾನರು ದಿಕ್ಕಿಲ್ಲದೆ ಅಲೆಯುತ್ತಿದ್ದಾಗ ಅವರಿಗೆ ಆಶ್ರಯ ಕೊಟ್ಟವರು ಇದೇ ಸರ್ಕಸ್ಸಿನ ಒಡೆಯರು. ಆ ಮಹಾಗಾಯಕ ಕೊನೆಯುಸಿರೆಳೆದದ್ದು ಕುರುಂದವಾಡದಲ್ಲಿ, 1922ರಲ್ಲಿ. ಮುಂದೆ ಛತ್ರೆಯವರ ಪ್ರೇರಣೆಯಿಂದ ತಲಶ್ಶೇರಿಯ ಕೀಲೇರಿ ಕುಞ್ಞಿಕಣ್ಣನ್ ಅವರು 1901ರಲ್ಲಿ ಸರ್ಕಸ್ ಶಾಲೆ ತೆರೆದು, ಆ ಸೀಮೆಯನ್ನೇ ಭಾರತದ ಸರ್ಕಸ್ಸಿನ ತವರಾಗಿಸಿದರು.

ಕುರುಂದವಾಡ, ಸಾಂಗಲಿ, ಮಿರಜಗಳ ಈ ನೆಲ ಕನ್ನಡ ಮರಾಠಿಗಳೆರಡೂ ಕೇಳಿಬರುವ ನೆಲ. ಉತ್ತರ ಕನ್ನಡದ ಭಾಗವತ ಮೇಳದ ಆಟವನ್ನು ಕಂಡ ಸಾಂಗಲಿಯ ಅರಸರು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ ಮರಾಠಿ ನಾಟಕವನ್ನು ಆಡಿಸಿದ ಸಂಗತಿಯನ್ನು ನಾವು ಪ್ರತಿಯೊಂದು ವಿಚಾರಸಂಕಿರಣದಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಅದೇ ನೆಲದಿಂದ ನಾಲ್ಕು ದಶಕಗಳೊಳಗೆ ಎದ್ದು ಬಂದ ಸರ್ಕಸ್ಸಿನ ಬಗ್ಗೆ ನಮ್ಮ ವಿಭಾಗಗಳಲ್ಲಿ ಮಾತೇ ಇಲ್ಲ. ಸರ್ಕಸ್ಸಿಗೆ ಪಠ್ಯವಿಲ್ಲ, ಹಾಡಿಲ್ಲ, ಛಂದಸ್ಸಿಲ್ಲ. ಆದ್ದರಿಂದ ಅದು ಸಾಹಿತ್ಯದವರಿಗೆ ಸೇರಿದ್ದಲ್ಲವಂತೆ. ದೊಂಬರಾಟವನ್ನಾದರೋ ಜಾನಪದವೆಂದು ಕರೆದು ಒಂದು ಅಧ್ಯಾಯ ಕೊಡುತ್ತೇವೆ. ಆದರೆ ಅಲ್ಲಿಯೂ ಡಿಕನ್ಸನ ಗೆರೆಯೇ ಮತ್ತೆ ಕಾಣಿಸುತ್ತದೆ: ಮುಗ್ಧ ಕಲೆ, ನಶಿಸುತ್ತಿರುವ ಪರಂಪರೆ, ಉಳಿಸಬೇಕಾದ ಸೊಬಗು. ಗಳದ ತುದಿಯಲ್ಲಿ ತಿರುಗುವ ಹುಡುಗಿಗೆ ಆ ದಿನ ದೊರೆತದ್ದೆಷ್ಟು, ಬಿದ್ದರೆ ನೋಡಿಕೊಳ್ಳುವವರು ಯಾರು ಎಂಬ ಕಾಲಂ ನಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಾನೇ ಸಿದ್ಧಪಡಿಸಿದ ಪ್ರಶ್ನಾವಳಿಗಳೂ ಈ ಮಾತಿಗೆ ಹೊರತಲ್ಲ.

ಭಾರತದ ಸರ್ಕಸ್ಸುಗಳಲ್ಲಿ ಮಕ್ಕಳ ದುಡಿಮೆಯನ್ನು ತಡೆಯುವ ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದದ್ದು 2011ರ ಏಪ್ರಿಲಿನಲ್ಲಿ, ಇಂಗ್ಲೆಂಡಿನ ಮೊದಲ ಕಾಯಿದೆಯಾದ 132 ವರ್ಷಗಳ ಮೇಲೆ. ಹುಲಿ ಸಿಂಹಗಳು ಅದಕ್ಕೆ ಮೊದಲೇ ಕಣದಿಂದ ಹೊರಬಿದ್ದಿದ್ದವು. ಆ ಆದೇಶ ಬರುವ ಹೊತ್ತಿಗೆ ಸರ್ಕಸ್ಸಿನಲ್ಲೇ ಬೆಳೆದು, ಮೂವತ್ತರ ಸುಮಾರಿಗೆ ಕೀಲು ಸೋತು, ಬೇರೆ ಕೆಲಸ ಕಲಿಯದೆ ಉಳಿದವರು ಎಲ್ಲಿ ಹೋದರೆಂಬುದು ಯಾವ ವಿದ್ವತ್ಪತ್ರಿಕೆಯಲ್ಲೂ ದಾಖಲಾದಂತೆ ಕಾಣೆ.

ಈ ಸಂಪುಟವನ್ನು ಹೊರತರುತ್ತಿರುವ ಸಂದರ್ಭದಲ್ಲಿ ವಿಭಾಗದ ಮುಂದೆ ಒಂದು ಸಣ್ಣ ಸೂಚನೆ ಇಡುತ್ತೇನೆ. ಬೆಳಗಾವಿ, ಮಿರಜ, ಸಾಂಗಲಿಗಳ ಹಳೆಯ ಮುದ್ರಣಾಲಯಗಳಲ್ಲಿ ಸರ್ಕಸ್ಸಿನ ಹಸ್ತಪತ್ರಿಕೆಗಳು ಅಚ್ಚಾಗುತ್ತಿದ್ದವು. ಅವುಗಳಲ್ಲಿ ಕೆಲವಾದರೂ ಯಾರದೋ ಅಟ್ಟದ ಮೇಲೆ ಉಳಿದಿರಬಹುದು. ಡೇರೆ ಎತ್ತಿದವರು, ಕುದುರೆಗೆ ಹುಲ್ಲು ಹೊಂದಿಸಿದವರು, ಬಾಗಿಲಲ್ಲಿ ಟಿಕೇಟು ಹರಿದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಬರುವ ವರ್ಷ ಇಬ್ಬರು ಸಂಶೋಧನ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಕಳುಹಿಸುವುದಾದರೆ, ಪ್ರಶ್ನಾವಳಿಯನ್ನು ಹೊಸದಾಗಿ ಬರೆದುಕೊಡಲು ನಾನು ಸಿದ್ಧನಿದ್ದೇನೆ. ಅದರ ಮೊದಲ ಪ್ರಶ್ನೆ ಸಂಬಳವನ್ನು ಕುರಿತದ್ದಾಗಿರುತ್ತದೆ.